ಓದುಗರ ಪ್ರಶ್ನೆ: ಪತಂಗದ ರೆಕ್ಕೆಗೆ ಗೆರೆ, ಬಣ್ಣ, ಆಕಾರ ಬರುವುದು ಹೇಗೆ?

ಮಳೆ ಹಿಡಿದು ದೀಪದ ಸುತ್ತ ಪತಂಗಗಳು ಸೇರತೊಡಗಿದ ಮೇಲೆ ಅವುಗಳ ಬಗ್ಗೆ ಸಾಕಷ್ಟು ಪತ್ರಗಳು ಬಂದಿವೆ. ಹೆಚ್ಚಿನವು ರೆಕ್ಕೆಯ ಕುರಿತಾಗಿಯೇ ಇರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ದೀಪದ ಹತ್ತಿರ ಬಿದ್ದ ಪತಂಗವನ್ನು ಹಿಡಿದು ಹೊರಗೆ ಬಿಟ್ಟರೆ ಬೆರಳಿಗೆಲ್ಲ ಪುಡಿ ಅಂಟುತ್ತದೆ. ಚಿತ್ತಾರ ಇರುವುದು ಆ ಪುಡಿಯಲ್ಲೋ, ರೆಕ್ಕೆಯಲ್ಲೋ? ಉದುರಿದ್ದು ಮತ್ತೆ ಬೆಳೆಯುತ್ತದೆಯೇ?
— ಸಾಗರ

ಪುಡಿಯಲ್ಲೇ ಇದೆ. ನಿಮ್ಮ ಬೆರಳಿಗಂಟಿದ ಒಂದೊಂದು ಕಣವೂ ಒಂದು ಹುರುಪೆ. ಉದ್ದ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು, ಅಗಲ ಅದರ ಅರ್ಧದಷ್ಟು. ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ತುದಿ ಇನ್ನೊಂದರ ಬುಡದ ಮೇಲೆ ಬರುವಂತೆ ಸಾಲಾಗಿ ಕೂತಿರುತ್ತವೆ. ಅವನ್ನೆಲ್ಲ ಒರೆಸಿ ತೆಗೆದರೆ ಕೆಳಗೆ ಉಳಿಯುವುದು ನರಗಳಿರುವ ತೆಳು ಪೊರೆ ಮಾತ್ರ.

ಒಂದು ಹುರುಪೆಯನ್ನು ಕಟ್ಟುವುದು ಒಂದೇ ಒಂದು ಜೀವಕೋಶ. ಗೂಡಿನೊಳಗೆ ತನ್ನ ಕೆಲಸ ಮುಗಿಸಿ ಆ ಜೀವಕೋಶ ಸಾಯುತ್ತದೆ, ಉಳಿಯುವುದು ಅದು ಕಟ್ಟಿದ ಒಣ ಚಿಪ್ಪು. ಹಾಗಾಗಿ ಉದುರಿದ್ದು ಮತ್ತೆ ಬೆಳೆಯುವುದಿಲ್ಲ. ಪತಂಗವನ್ನು ಕೈಯಲ್ಲಿ ಹಿಡಿಯುವ ಬದಲು ಲೋಟ ಮುಚ್ಚಿ, ಅಡಿಗೆ ಗಟ್ಟಿ ಕಾಗದ ತೂರಿಸಿ ಹೊರಗೆ ಬಿಡಿ.

ಸತ್ತ ಪತಂಗ ಸಿಕ್ಕರೆ ರೆಕ್ಕೆಯ ಮೇಲೆ ಪಾರದರ್ಶಕ ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ಹಿಗ್ಗಿಸಿದರೆ ಸಾಕು, ಒಂದು ಹುರುಪೆಗೆ ಸಾಮಾನ್ಯವಾಗಿ ಒಂದೇ ಬಣ್ಣ ಇರುವುದು ಕಾಣುತ್ತದೆ. ಬೂದು ಬಣ್ಣದ ಪತಂಗದ ರೆಕ್ಕೆಯಲ್ಲಿ ಎಷ್ಟೋ ಸಲ ಬೂದು ಹುರುಪೆಯೇ ಇರುವುದಿಲ್ಲ. ಕಪ್ಪು ಮತ್ತು ಬಿಳಿ ಹುರುಪೆಗಳು ಬೆರೆತು ದೂರಕ್ಕೆ ಬೂದಾಗಿ ಕಾಣುತ್ತಿರುತ್ತವೆ. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿನಲ್ಲಿರಲಿ. ಪ್ರತಿ ಹುರುಪೆಯೂ ತಾನು ಯಾವ ಬಣ್ಣ ಎಂಬುದನ್ನು ಬೇರೆಬೇರೆಯಾಗಿ ತೀರ್ಮಾನಿಸಬೇಕು. ಗೆರೆ ಎಂದರೆ ಒಂದೇ ತೀರ್ಮಾನಕ್ಕೆ ಬಂದ ಅಕ್ಕಪಕ್ಕದ ಹುರುಪೆಗಳ ಸಾಲು.

ಕಂಬಳಿಹುಳದ ಮೈಮೇಲಿನ ಪಟ್ಟೆಗಳೇ ಮುಂದೆ ರೆಕ್ಕೆಯ ಗೆರೆಗಳಾಗುತ್ತವೆಯೇ ಎಂದು ವಿದ್ಯಾರ್ಥಿಯೊಬ್ಬಳು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಯಾವ ಗೆರೆ ಎಲ್ಲಿ ಬರಬೇಕೆಂಬುದು ಯಾವಾಗ, ಹೇಗೆ ತೀರ್ಮಾನವಾಗುತ್ತದೆ ಎಂದು ವಿವರಿಸಲು ಆಗಲಿಲ್ಲ.
— ವಿಜ್ಞಾನ ಶಿಕ್ಷಕರು, ಶಿಡ್ಲಘಟ್ಟ

ನೀವು ಹೇಳಿದ್ದು ಸರಿ. ಹುಳದ ಚರ್ಮ ಕಳಚಿ ಬೀಳುತ್ತದೆ, ಅದರ ಪಟ್ಟೆಗಳಿಗೂ ರೆಕ್ಕೆಗೂ ಸಂಬಂಧವಿಲ್ಲ. ರೆಕ್ಕೆ ಮಾತ್ರ ಹುಳದೊಳಗೇ ಶುರುವಾಗಿರುತ್ತದೆ. ಎದೆಯ ಎರಡನೇ ಮತ್ತು ಮೂರನೇ ಖಂಡಗಳ ಒಳಗೆ, ಎಡಕ್ಕೊಂದು ಬಲಕ್ಕೊಂದು, ಒಟ್ಟು ನಾಲ್ಕು ಪುಟ್ಟ ಜೀವಕೋಶದ ಚೀಲಗಳಿರುತ್ತವೆ. ನಿಮ್ಮ ಊರಿನ ರೇಷ್ಮೆಹುಳದಲ್ಲೂ ಇವೆ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದ ಮೇಲೆ ಹುಳ ಸೊಪ್ಪು ಮೇಯುತ್ತ ದಪ್ಪವಾಗುವಾಗ ಈ ಚೀಲಗಳೂ ಬೇಗ ಬೇಗ ಬೆಳೆಯುತ್ತವೆ. ಹುಳ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆಯಲ್ಲಿ ಗೂಡು ಕಟ್ಟಿ, ಒಳಗೆ ಕೋಶ (ಪ್ಯೂಪಾ) ಆಗುವ ಹೊತ್ತಿಗೆ ಅವು ಹೊರಮಗುಚಿ ಕೋಶದ ಚಿಪ್ಪಿನಡಿ ರೆಕ್ಕೆಯ ರೂಪದಲ್ಲಿ ಹರಡಿಕೊಳ್ಳುತ್ತವೆ. ಈ ಹಂತದಲ್ಲಿ ರೆಕ್ಕೆಗೆ ಬಣ್ಣವೂ ಇಲ್ಲ, ಹುರುಪೆಯೂ ಇಲ್ಲ. ಆದರೂ ಗೆರೆಗಳ ಜಾಗ ಗೊತ್ತಾಗುವುದು ಹುಳದ ಕೊನೆಯ ಹಂತ ಮತ್ತು ಕೋಶದ ಮೊದಲ ಕೆಲವು ದಿನಗಳ ನಡುವೆಯೇ. ಬಣ್ಣ ತುಂಬುವುದು ಕೋಶಾವಸ್ಥೆಯ ಕೊನೆಯಲ್ಲಿ, ಅದರಲ್ಲೂ ಕಪ್ಪು ಸಾಮಾನ್ಯವಾಗಿ ಕಟ್ಟಕಡೆಗೆ.

ಇದು ಮೊದಲು ಸ್ಪಷ್ಟವಾದದ್ದು ಹಿಟ್ಟಿನ ಪತಂಗದಲ್ಲಿ. ಗಿರಣಿಗಳಲ್ಲಿ, ಹಿಟ್ಟಿನ ಡಬ್ಬಿಗಳಲ್ಲಿ ಬಲೆ ಕಟ್ಟುವ ಬೂದು ಬಣ್ಣದ ಈ ಪುಟ್ಟ ಪತಂಗದ ವೈಜ್ಞಾನಿಕ ಹೆಸರು ಎಫೆಸ್ಟಿಯಾ ಕ್ಯೂನಿಯೆಲ್ಲಾ. ಅದರ ಮುಂದಿನ ರೆಕ್ಕೆಯ ನಡುವೆ ಅಗಲವಾದ ಒಂದು ಪಟ್ಟಿ, ಪಟ್ಟಿಯ ಎರಡೂ ಅಂಚಿಗೆ ಒಂದೊಂದು ತಿಳಿ ಗೆರೆ ಇರುತ್ತವೆ. ಜರ್ಮನಿಯಲ್ಲಿ ಆಲ್ಫ್ರೆಡ್ ಕ್ಯೂನ್ ಮತ್ತು ಮೆಲಿಟ್ಟಾ ಫಾನ್ ಎಂಗೆಲ್‌ಹಾರ್ಟ್ ಕೋಶದ ರೆಕ್ಕೆಯನ್ನು ಬೇರೆಬೇರೆ ವಯಸ್ಸಿನಲ್ಲಿ ಕಾದ ಸೂಜಿಯಿಂದ ಒಂದು ಚುಕ್ಕೆಯಷ್ಟು ಸುಟ್ಟು, ಪತಂಗ ಹೊರಬಂದ ಮೇಲೆ ಪಟ್ಟಿ ಹೇಗಾಗಿದೆ ಎಂದು ನೋಡಿ 1933ರಲ್ಲಿ ಪ್ರಕಟಿಸಿದರು. ಬೇಗ ಸುಟ್ಟರೆ ಪಟ್ಟಿ ಕಿರಿದಾಗಿಯೇ ಉಳಿಯುತ್ತಿತ್ತು, ಗೆರೆ ಸುಟ್ಟ ಜಾಗವನ್ನು ಬಳಸಿಕೊಂಡು ಬಾಗುತ್ತಿತ್ತು. ತಡವಾಗಿ ಸುಟ್ಟರೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ರೆಕ್ಕೆಯ ಮೇಲಂಚು ಮತ್ತು ಕೆಳಂಚಿನ ಎರಡು ಮೂಲಗಳಿಂದ ಏನೋ ಒಂದು ಸಂಕೇತ ನಿಧಾನಕ್ಕೆ ಹರಡುತ್ತದೆ, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಮೂಡುತ್ತದೆ ಎಂದು ಅವರು ತೀರ್ಮಾನಿಸಿದರು. ಬರೀ ಒಂದು ಸೂಜಿಯಿಂದ ಇಷ್ಟು ದೂರ ಹೋದ ಪ್ರಯೋಗಗಳು ಜೀವವಿಜ್ಞಾನದಲ್ಲಿ ಹೆಚ್ಚಿಲ್ಲ.

ಆ 'ಏನೋ' ಯಾವುದೆಂದು ಗೊತ್ತಾಗಲು ಸುಮಾರು 80 ವರ್ಷ ಹಿಡಿಯಿತು. ಜೀವಕೋಶದಿಂದ ಜೀವಕೋಶಕ್ಕೆ ಹರಡುವ ವಿಂಟ್ ಎಂಬ ಪ್ರೋಟೀನುಗಳ ಒಂದು ಕುಟುಂಬವಿದೆ. ಅದರಲ್ಲಿ ವಿಂಟ್-ಎ ಎಂಬುದು ಚಿಟ್ಟೆಗಳ ರೆಕ್ಕೆಯಲ್ಲಿ ನಡುವಿನ ಪಟ್ಟಿ ಬರಬೇಕಾದ ಜಾಗವನ್ನು ಮೊದಲೇ ಗುರುತಿಸುತ್ತದೆ. 2017ರಲ್ಲಿ ಹಲವು ಜಾತಿಯ ಚಿಟ್ಟೆಗಳಲ್ಲಿ ಈ ವಂಶವಾಹಿಯನ್ನು ಕೆಡಿಸಿ ನೋಡಿದಾಗ ಗೆರೆಗಳು ಅಳಿದವು, ಇಲ್ಲವೇ ಜಾಗ ಬದಲಿಸಿದವು. ಕೋಶ ಇನ್ನೂ ಎಳೆಯದಾಗಿರುವಾಗಲೇ ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಚುಚ್ಚಿದರೆ ವಿಂಟ್ ಹೆಚ್ಚು ದೂರ ಹರಡಿ ಪಟ್ಟಿಗಳು ಅಗಲವಾಗುತ್ತವೆ. ಇದು ಪತಂಗಗಳಲ್ಲೂ ಕಂಡುಬಂದಿದೆ.

ತರಗತಿಗೆ ಒಂದು ಕೆಲಸ ಹೇಳುತ್ತೇವೆ. ಗೋಡೆಗೆ ಕೂತ ಪತಂಗಗಳ ಚಿತ್ರ ತೆಗೆದು, ಮುಂದಿನ ರೆಕ್ಕೆಯ ನಡುವಿನ ಚುಕ್ಕೆಯನ್ನು ಮೊದಲು ಹುಡುಕಲಿ. ಬಹಳಷ್ಟು ಜಾತಿಗಳಲ್ಲಿ ಅದು ಹುರುಳಿಕಾಳಿನ ಆಕಾರದಲ್ಲೋ ಸಣ್ಣ ಉಂಗುರವಾಗಿಯೋ ಇರುತ್ತದೆ. ಅದರ ಎರಡು ಬದಿಯಲ್ಲಿ ಒಂದಕ್ಕೊಂದು ಕನ್ನಡಿಬಿಂಬದಂತಿರುವ ಜೋಡಿ ಗೆರೆ ಸಿಗುತ್ತದೆಯೇ ನೋಡಲಿ. ಒಂದರಲ್ಲಿ ಗೆರೆ ಅಂಕುಡೊಂಕು, ಇನ್ನೊಂದರಲ್ಲಿ ನೇರ, ಮತ್ತೊಂದರಲ್ಲಿ ಅರ್ಧ ಅಳಿಸಿಹೋಗಿದೆ. ಹಂದರ ಮಾತ್ರ ಅದೇ. ವಿಕಾಸವು ಪ್ರತಿ ಸಲ ಹೊಸ ಚಿತ್ರ ಬರೆದಿಲ್ಲ, ಇರುವ ಗೆರೆಗಳನ್ನೇ ಸರಿಸಿದೆ, ಹಿಗ್ಗಿಸಿದೆ, ಅಳಿಸಿದೆ.

ನಮ್ಮ ಶಾಲೆಯ ನಂದಿಬಟ್ಟಲು ಗಿಡದಲ್ಲಿ ಬೆರಳುದ್ದದ ಹಸಿರು ಹುಳಗಳು ಬರುತ್ತವೆ. ತಲೆಯ ಹಿಂದೆ ಎರಡು ನೀಲಿ 'ಕಣ್ಣು', ಬಾಲದಲ್ಲಿ ಚಿಕ್ಕ ಕೊಂಬು. ಸಾಕಿದಾಗ ಎರಡು ಪತಂಗಗಳ ರೆಕ್ಕೆ ಮುದುಡಿಯೇ ಉಳಿಯಿತು. ಎಲ್ಲಿ ತಪ್ಪಾಗುತ್ತಿದೆ?
— ಹೊಸಕೋಟೆ

ಇದು ಕಣಗಿಲೆ ಹಾಕ್ ಪತಂಗ, ಡಾಫ್ನಿಸ್ ನೆರಿ. ಶಾಲೆಯಲ್ಲಿ ಸಾಕಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನಂದಿಬಟ್ಟಲು, ಕಣಗಿಲೆ ಎರಡನ್ನೂ ತಿನ್ನುತ್ತದೆ, ಆದರೆ ಕಣಗಿಲೆಯ ಹಾಲು ಬಹಳ ವಿಷ. ಮಕ್ಕಳಿರುವಲ್ಲಿ ನಂದಿಬಟ್ಟಲನ್ನೇ ಬಳಸಿ, ಎಲೆ ಮುಟ್ಟಿದ ಮೇಲೆ ಕೈ ತೊಳೆಸಿ.

ಒಂದಡಿ ಅಗಲದ ಪೆಟ್ಟಿಗೆಗೆ ನಾಲ್ಕೈದು ಹುಳಕ್ಕಿಂತ ಹೆಚ್ಚು ಬೇಡ. ಎಲೆಯಿರುವ ಕಡ್ಡಿಯನ್ನು ನೀರಿನ ಸಣ್ಣ ಬಾಟಲಿಗಿಟ್ಟು ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳ ಇಳಿದು ಮುಳುಗುತ್ತದೆ. ಹಿಕ್ಕೆಯನ್ನು ದಿನಾ ತೆಗೆಯಿರಿ. ಒದ್ದೆ ಹಿಕ್ಕೆಯಲ್ಲಿ ಬೂಷ್ಟು ಹಿಡಿದರೆ ರೋಗ ಗ್ಯಾರಂಟಿ. ಯಾವುದಾದರೂ ಹುಳ ಮೆತ್ತಗಾಗಿ, ಕಪ್ಪಾಗಿ ನೇತುಬಿದ್ದರೆ ಅದನ್ನು ಕೂಡಲೇ ಹೊರಹಾಕಿ ಪೆಟ್ಟಿಗೆ ತೊಳೆದು ಬಿಸಿಲಿಗಿಡಿ.

ಬೆಳೆದ ಹುಳ ಒಂದು ದಿನ ತಿನ್ನುವುದು ಬಿಟ್ಟು, ಬೆನ್ನು ಕಂದಿ, ಪೆಟ್ಟಿಗೆಯೆಲ್ಲ ಓಡಾಡತೊಡಗುತ್ತದೆ. ಆಗ ಅಡಿಗೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಸಿ, ಅದರಡಿ ಸ್ವಲ್ಪ ತೇವದ ತೆಂಗಿನ ನಾರಿನ ಪುಡಿ ಇರಲಿ. ಎಲೆಗಳನ್ನು ಸಡಿಲವಾಗಿ ನೂಲಿನಿಂದ ಹೆಣೆದು ಅದರೊಳಗೆ ಕೋಶವಾಗುತ್ತದೆ. ಅಲ್ಲಿಂದ ಐದು ದಿನ ಮುಟ್ಟಲೇಬೇಡಿ. ಹೊಸ ಕೋಶದ ಚಿಪ್ಪು ಮೆತ್ತಗಿರುತ್ತದೆ, ರೆಕ್ಕೆ ಅದಕ್ಕೆ ತಾಗಿಕೊಂಡೇ ಇರುತ್ತದೆ. ಆಗ ಬಿದ್ದ ಪೆಟ್ಟು ರೆಕ್ಕೆಯಲ್ಲಿ ಗಾಯವಾಗಿ ಉಳಿಯುತ್ತದೆ.

ಈ ಹವೆಯಲ್ಲಿ ಎರಡು ವಾರದ ಆಸುಪಾಸಿಗೆ ಪತಂಗ ಹೊರಬರುತ್ತದೆ. ಅದಕ್ಕೆ ಒಂದೆರಡು ದಿನ ಮೊದಲು ಕೋಶ ಕಪ್ಪಾಗುತ್ತದೆ. ಹೊರಬಂದಾಗ ರೆಕ್ಕೆ ಬೆರಳಿನ ಉಗುರಿನಷ್ಟೇ, ಆದರೆ ಚಿತ್ತಾರ ಅದರಲ್ಲಿ ಪೂರ್ತಿ ಇರುತ್ತದೆ. ಭೂತಗನ್ನಡಿ ಹಿಡಿದರೆ ಹಸಿರು, ಗುಲಾಬಿ, ಬಿಳಿ ಗೆರೆಗಳೆಲ್ಲ ಒತ್ತೊತ್ತಾಗಿ ಕಾಣುತ್ತವೆ. ಪತಂಗ ಎತ್ತರಕ್ಕೆ ಹತ್ತಿ, ರೆಕ್ಕೆ ಕೆಳಕ್ಕೆ ಇಳಿಬಿಟ್ಟು, ಹೊಟ್ಟೆ ಅಮುಕಿ ಮೈಯ ದ್ರವವನ್ನು ನರಗಳೊಳಗೆ ನೂಕುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ರೆಕ್ಕೆ ಪೂರ್ಣ ಉದ್ದಕ್ಕೆ ಬರುತ್ತದೆ. ಆಮೇಲೆ ಬರ್ಸಿಕಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಹಿಗ್ಗಿಸಲು ಯಾವ ದಾರಿಯೂ ಇಲ್ಲ.

ನಿಮ್ಮಲ್ಲಿ ಏನಾಗಿರಬಹುದೆಂದು ರೆಕ್ಕೆಯೇ ಹೇಳುತ್ತದೆ. ನಾಲ್ಕೂ ರೆಕ್ಕೆ ಸಮವಾಗಿ ಮುದುಡಿದ್ದರೆ ಹತ್ತಲು ಜಾಗ ಸಿಕ್ಕಿಲ್ಲ. ಗಾಜು ಮತ್ತು ಪ್ಲಾಸ್ಟಿಕ್ ಗೋಡೆಯ ಮೇಲೆ ಕಾಲು ಜಾರುತ್ತದೆ, ಇದೇ ಅತಿ ಸಾಮಾನ್ಯ ಕಾರಣ. ಒಳಗೆ ಒಂದು ಬದಿಗೆ ಗೋಣಿ ಬಟ್ಟೆ ಅಂಟಿಸಿ, ಮೇಲೆ ಒಂದು ಗೇಣು ಖಾಲಿ ಜಾಗ ಬಿಡಿ. ಚಿಪ್ಪಿನ ಚೂರು ರೆಕ್ಕೆಗೆ ಅಂಟಿಕೊಂಡಿದ್ದರೆ ಗಾಳಿ ಒಣಗಿತ್ತು ಎಂದರ್ಥ, ದಿನ ಬಿಟ್ಟು ದಿನ ನಾರಿನ ಪುಡಿಗೆ ನೀರು ಚಿಮುಕಿಸಿ, ಕೋಶಕ್ಕಲ್ಲ. ಒಂದೇ ರೆಕ್ಕೆಯಲ್ಲಿ ಕಪ್ಪು ಕಲೆಯೊಂದಿಗೆ ತುಂಡು ಕಾಣೆಯಾಗಿದ್ದರೆ ಅದು ಕೋಶಕ್ಕೆ ಬಿದ್ದ ಪೆಟ್ಟು. ಕೋಶದಿಂದ ಪತಂಗದ ಬದಲು ನೊಣ ಅಥವಾ ಕಣಜ ಬಂದರೆ ಹುಳ ಗಿಡದಲ್ಲಿದ್ದಾಗಲೇ ಪರಾವಲಂಬಿ ಒಳಹೊಕ್ಕಿತ್ತು, ಅದು ನಿಮ್ಮ ತಪ್ಪಲ್ಲ. ಆಗಷ್ಟೇ ಹೊರಬಂದ ಪತಂಗ ಕೆಳಗೆ ಬಿದ್ದದ್ದು ಕಂಡರೆ ಕಾಲಿಗೊಂದು ಕಡ್ಡಿ ಕೊಟ್ಟು ನೆಟ್ಟಗೆ ನಿಲ್ಲಿಸಿ. ರೆಕ್ಕೆ ಇನ್ನೂ ಮೆತ್ತಗಿದ್ದರೆ ಉಳಿಸಬಹುದು.

ಚಂದ್ರ ಪತಂಗದ ಹಿಂದಿನ ರೆಕ್ಕೆಗೆ ಅಷ್ಟುದ್ದ ಬಾಲ ಏಕೆ? ಅದು ರೆಕ್ಕೆಯಿಂದ ಹೊರಚಿಗುರಿದ್ದೇ?
— ಕೊಪ್ಪ

ಮೊದಲು ಎರಡನೇ ಪ್ರಶ್ನೆ. ರೆಕ್ಕೆಯ ಅಂಚು ಬಹುಮಟ್ಟಿಗೆ ಕತ್ತರಿಸಿ ಆಗುವಂಥದ್ದು. ಕೋಶದೊಳಗೆ ರೆಕ್ಕೆ ಮೊದಲು ಬೇಕಾದ್ದಕ್ಕಿಂತ ದೊಡ್ಡದಾಗಿರುತ್ತದೆ. ಅದರೊಳಗೆ ಅಂಚಿಗೆ ಸಮಾಂತರವಾಗಿ ಒಂದು ನಾಳ ಮೂಡುತ್ತದೆ. ನಾಳದ ಹೊರಗಿನ ಜೀವಕೋಶಗಳೆಲ್ಲ ಸಾಯುತ್ತವೆ, ಒಳಗಿನವು ಉಳಿಯುತ್ತವೆ. ಬಾಲ, ಹಲ್ಲುಹಲ್ಲಾದ ಅಂಚು ಇವೆಲ್ಲ ಆ ನಾಳ ಎಲ್ಲಿ ಹಾದುಹೋಗುತ್ತದೆ ಎಂಬುದರ ಮೇಲೆ ನಿಂತಿವೆ. ಜೀವಕೋಶಗಳ ಇದೇ ಸಾವು ಅತಿಯಾದರೆ ರೆಕ್ಕೆಯೇ ಇಲ್ಲದಾಗುತ್ತದೆ. ಹರಳು, ಮಾವು, ಗುಲಾಬಿ ಗಿಡಗಳನ್ನು ಕಾಡುವ ಓರ್ಗಿಯಾ ಪತಂಗದ ಹೆಣ್ಣಿಗೆ ಮೋಟು ತುಣುಕಷ್ಟೇ ಉಳಿದಿರುತ್ತದೆ. ಅದು ತನ್ನ ಗೂಡಿನ ಮೇಲೇ ಕೂತು ಗಂಡನ್ನು ಕರೆದು ಅಲ್ಲೇ ಮೊಟ್ಟೆಯಿಡುತ್ತದೆ. ಹಾರಾಟಕ್ಕೆ ಹೋಗಬೇಕಿದ್ದ ಶಕ್ತಿ ಮೊಟ್ಟೆಗೆ ಹೋಗುತ್ತದೆ.

ಬಾಲ ಏಕೆ ಎಂಬುದಕ್ಕೆ ಉತ್ತರ ಬಾವಲಿ. ಬಾವಲಿ ಕತ್ತಲಲ್ಲಿ ಬೇಟೆಯನ್ನು ಹುಡುಕುವುದು ತನ್ನ ಕೂಗಿನ ಮಾರ್ದನಿಯಿಂದ. ಹಾರುವಾಗ ಬಾಲದ ತಿರುಚಿದ ತುದಿ ಗಿರಗಿರ ತಿರುಗಿ ಬೇರೆಯದೇ ಮಾರ್ದನಿ ಕೊಡುತ್ತದೆ. ನಮ್ಮ ಚಂದ್ರ ಪತಂಗದ ಅಮೆರಿಕದ ಸಂಬಂಧಿ ಲೂನಾ ಪತಂಗದ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ದಾಳಿಗಳು, 55 ಶೇಕಡಾ, ಬಾಲದ ಕಡೆಗೇ ಹೋದವು. ಬಾಲವಿದ್ದ ಪತಂಗಗಳು ಬಾಲ ಕತ್ತರಿಸಿದವುಗಳಿಗಿಂತ 47 ಶೇಕಡಾ ಹೆಚ್ಚು ಬದುಕಿದವು. ಬಾಲ ಹರಿದರೂ ಪತಂಗ ಹಾರುತ್ತದೆ. ಬಾಯಿ ಕೆಲಸ ಮಾಡದ, ಊಟವಿಲ್ಲದ ಈ ಪತಂಗಕ್ಕೆ ಜೋಡಿಯಾಗಿ ಮೊಟ್ಟೆಯಿಡುವಷ್ಟು ದಿನ ಸಿಕ್ಕರೆ ಸಾಕು.

ಮುಂದಿನ ಮತ್ತು ಹಿಂದಿನ ರೆಕ್ಕೆಯ ಗೆರೆಗಳು ಕೂತಾಗ ಸರಿಯಾಗಿ ಒಂದಕ್ಕೊಂದು ಕೂಡುತ್ತವೆ. ಬೇರೆಬೇರೆ ಬೆಳೆದ ರೆಕ್ಕೆಗಳಲ್ಲಿ ಇದು ಹೇಗೆ?
— ಯಲ್ಲಾಪುರ

ಡಚ್ ಕೀಟವಿಜ್ಞಾನಿ ಔಡೆಮನ್ಸ್ 1903ರಲ್ಲೇ ಇದನ್ನು ವಿವರವಾಗಿ ಗಮನಿಸಿದ್ದರು. ವಿಶ್ರಾಂತಿಯ ಭಂಗಿಯಲ್ಲಿ ಯಾವ ಭಾಗ ಹೊರಗೆ ಕಾಣುತ್ತದೋ ಅಲ್ಲಿ ಮಾತ್ರ ಗೆರೆ ಕೂಡುತ್ತದೆ. ಮುಚ್ಚಿಹೋಗುವ ಭಾಗದಲ್ಲಿ ಗೆರೆಯೂ ಇಲ್ಲ, ಬಣ್ಣವೂ ಬೇರೆ. ಬೆಳೆಯುವಾಗ ಎರಡು ರೆಕ್ಕೆಗಳು ಒಂದನ್ನೊಂದು ನೋಡಿಕೊಳ್ಳುವುದಿಲ್ಲ. ಹಕ್ಕಿಯ ಕಣ್ಣಿಗೆ ಬೀಳುವುದು ಕೂತ ಪತಂಗ, ಗೆರೆ ಸರಿಯಾಗಿ ಕೂಡದ್ದು ಬೇಗ ಸಿಕ್ಕಿಬೀಳುತ್ತದೆ. ಹಿಂದಿನ ರೆಕ್ಕೆಯಲ್ಲಿ ಅಲ್ಟ್ರಾಬೈಥೊರಾಕ್ಸ್ ಎಂಬ ವಂಶವಾಹಿ ಕೆಲಸ ಮಾಡುತ್ತದೆ, ಮುಂದಿನದರಲ್ಲಿ ಇಲ್ಲ. ಅದರಿಂದ ಎರಡೂ ಬೇರೆಬೇರೆ ದಾರಿ ಹಿಡಿಯಲು ಸಾಧ್ಯ. ಕಿತ್ತಳೆ ಹಣ್ಣಿಗೆ ಚುಚ್ಚಿ ರಸ ಹೀರುವ ಯುಡೋಸಿಮಾ ಪತಂಗ ನಿಮ್ಮ ಕಡೆಯೂ ಇರುತ್ತದೆ, ನೋಡಿ. ಮುಂದಿನ ರೆಕ್ಕೆ ಒಣ ಎಲೆಯ ಪ್ರತಿರೂಪ, ಹಿಂದಿನದು ಕಪ್ಪು ಗುರುತಿನ ಕಡುಕಿತ್ತಳೆ.

ಇಂಗ್ಲೆಂಡಿನ ಕಾರ್ಖಾನೆ ಹೊಗೆಯಲ್ಲಿ ಬಿಳಿ ಪತಂಗ ಕಪ್ಪಾದ ಪಾಠವನ್ನು ನಾವೆಲ್ಲ ಓದಿದ್ದೇವೆ. ಅದು ಸುಳ್ಳು ಪ್ರಯೋಗ ಎಂದು ಈಚೆಗೆ ಎಲ್ಲೋ ಓದಿದೆ. ನಿಜವೇ?
— ಧಾರವಾಡ

ಸುಳ್ಳಲ್ಲ. ಹಳೆಯ ಪ್ರಯೋಗದಲ್ಲಿ ಕೊರತೆಗಳಿದ್ದವು, ಅವನ್ನು ಸರಿಪಡಿಸಿ ಮತ್ತೆ ಮಾಡಿದಾಗಲೂ ಫಲಿತಾಂಶ ಅದೇ ಬಂತು.

ಈ ಪತಂಗದ ಹೆಸರು ಬಿಸ್ಟನ್ ಬೆಟುಲೇರಿಯಾ. ಬಿಳಿಯ ಮೇಲೆ ಕರಿ ಚುಕ್ಕೆಯ ರೆಕ್ಕೆ. ಪೂರ್ತಿ ಕಪ್ಪಾದದ್ದು ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಸಿಕ್ಕಿತು, 1895ರ ಹೊತ್ತಿಗೆ ಅಲ್ಲಿ 98 ಶೇಕಡಾ ಕಪ್ಪೇ ಆಗಿದ್ದವು. 1950ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಕೆಟಲ್‌ವೆಲ್ ಎರಡೂ ಬಣ್ಣದವನ್ನು ಬಿಟ್ಟು, ಹಕ್ಕಿಗಳು ಎದ್ದುಕಾಣುವುದನ್ನು ಹೆಚ್ಚು ತಿನ್ನುತ್ತವೆ ಎಂದು ತೋರಿಸಿದರು. ಆದರೆ ಹಗಲಿನಲ್ಲಿ, ಮರದ ಕಾಂಡಕ್ಕೆ, ಸಹಜಕ್ಕಿಂತ ಹೆಚ್ಚು ಒತ್ತಾಗಿ ಬಿಟ್ಟಿದ್ದರು. ಟೀಕೆ ಬಂದದ್ದು ಇಲ್ಲಿ, ಮತ್ತು ಅದು ನ್ಯಾಯವಾದ ಟೀಕೆಯೇ.

ಮೈಕೆಲ್ ಮಜೆರಸ್ ಕೇಂಬ್ರಿಜ್‌ನಲ್ಲಿ ಆರು ವರ್ಷ ಇದನ್ನು ಹೊಸದಾಗಿ ಮಾಡಿದರು. ಪತಂಗಗಳನ್ನು ರಾತ್ರಿ ಬಿಟ್ಟು, ಕೂರುವ ಜಾಗವನ್ನು ಅವುಗಳಿಗೇ ಬಿಟ್ಟರು. ಒಟ್ಟು 4864 ಪತಂಗ. ಅವು ಸಹಜವಾಗಿ ಎಲ್ಲಿ ಕೂರುತ್ತವೆ ಎಂದೂ ಮರ ಹತ್ತಿ ಹುಡುಕಿದರು. ಅರ್ಧಕ್ಕಿಂತ ತುಸು ಹೆಚ್ಚು ಕೊಂಬೆಗಳಲ್ಲಿ, ಮೂರರಲ್ಲೊಂದು ಪಾಲು ಕಾಂಡದ ಮೇಲೇ ಇದ್ದವು. ಹೊಗೆ ತಗ್ಗಿದ ಈ ಕಾಲದಲ್ಲಿ ದಿನವೊಂದಕ್ಕೆ ಕಪ್ಪು ಪತಂಗದ ಉಳಿವು ಬಿಳಿಯದಕ್ಕಿಂತ ಸುಮಾರು 9 ಶೇಕಡಾ ಕಡಿಮೆ ಎಂದು ಲೆಕ್ಕ ಸಿಕ್ಕಿತು. ಅವರು 2009ರಲ್ಲಿ ತೀರಿಕೊಂಡರು. 2012ರಲ್ಲಿ ಇತರ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ದಿನಕ್ಕೆ 9 ಶೇಕಡಾ ಸಣ್ಣದೆನಿಸಬಹುದು, ಕಪ್ಪು ಪತಂಗ ಕೆಲವೇ ದಶಕಗಳಲ್ಲಿ ಅಪರೂಪವಾಗಲು ಅಷ್ಟು ಸಾಕು.

ಪಠ್ಯಪುಸ್ತಕದಲ್ಲಿ ಇಲ್ಲದಿರುವುದು ಮುಂದಿನ ಭಾಗ. 2016ರಲ್ಲಿ ಲಿವರ್‌ಪೂಲ್‌ನ ತಂಡ ಕಪ್ಪು ಬಣ್ಣದ ಮೂಲ ಹುಡುಕಿತು. ಕಾರ್ಟೆಕ್ಸ್ ಎಂಬ ವಂಶವಾಹಿಯೊಳಗೆ ಸುಮಾರು 22,000 ಅಕ್ಷರಗಳಷ್ಟು ಉದ್ದದ, ಜಾಗ ಬದಲಿಸಬಲ್ಲ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿದೆ. ಅದು ಸೇರಿದ್ದು 1819ರ ಆಸುಪಾಸು ಎಂದು ಅಂದಾಜು. ಆಗ ಎಲ್ಲರೂ ಕಾರ್ಟೆಕ್ಸ್ ಅನ್ನೇ ಕಾರಣವೆಂದುಕೊಂಡರು. 2024ರಲ್ಲಿ ಚಿಟ್ಟೆಗಳ ಮೇಲೆ ನಡೆದ ಕೆಲಸ ಅದನ್ನು ತಿದ್ದಿತು. ಆ ಜಾಗದಲ್ಲೇ ಪ್ರೋಟೀನ್ ತಯಾರಿಸದ ಒಂದು ಉದ್ದನೆಯ ಆರ್‌ಎನ್‌ಎ ಇದೆ, ಅದರಿಂದ ಬರುವ ಪುಟ್ಟ ಆರ್‌ಎನ್‌ಎ ತುಣುಕೇ ಹುರುಪೆಯನ್ನು ಕಪ್ಪಾಗಿಸುವ ಸ್ವಿಚ್ಚು. ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಲ್ಲೂ ಕಪ್ಪು, ಹಳದಿ ಪಟ್ಟಿ ಬದಲಾಗುವುದು ಇದೇ ಜಾಗದಿಂದ. ಕೋಟ್ಯಂತರ ವರ್ಷಗಳ ಹಿಂದೆ ಕವಲೊಡೆದ ಜೀವಿಗಳಲ್ಲಿ ವಿಕಾಸ ಮತ್ತೆ ಮತ್ತೆ ಒಂದೇ ಸ್ವಿಚ್ಚಿಗೆ ಕೈ ಹಾಕಿದೆ. ಈ ಪಾಠವನ್ನು ಇಲ್ಲಿಯವರೆಗೂ ಹೇಳಿಕೊಟ್ಟರೆ ಮಕ್ಕಳಿಗೆ ಅದು ಹಳೆಯ ಕಥೆ ಅನ್ನಿಸುವುದಿಲ್ಲ.

ಕಾಫಿ ತೋಟದಲ್ಲಿ ದುಂಬಿಯ ಹಾಗೆ ಹಾರುವ, ಗಾಜಿನಂಥ ರೆಕ್ಕೆಯ ಪತಂಗವಿದೆ. ಅದಕ್ಕೆ ಹುರುಪೆಯೇ ಬರುವುದಿಲ್ಲವೇ?
— ಮೂಡಿಗೆರೆ

ಬರುತ್ತದೆ. ಇದು ಸೆಫೊನೋಡಿಸ್ ಹೈಲಾಸ್. ಇದರ ಹುಳ ಕಾಫಿ ಎಲೆ ತಿನ್ನುತ್ತದೆ. ಕೋಶದಿಂದ ಬಂದಾಗ ರೆಕ್ಕೆ ಮಸುಕಾಗಿಯೇ ಇರುತ್ತದೆ. ಹುರುಪೆಗಳ ಬುಡ ಸಡಿಲವಾದ್ದರಿಂದ ಮೊದಲ ಸಲ ರೆಕ್ಕೆ ಬಡಿದಾಗಲೇ ಉದುರಿಹೋಗುತ್ತವೆ. ಕೋಶ ಸಿಕ್ಕರೆ ಬಿಳಿ ಕಾಗದದ ಮೇಲಿಟ್ಟು ಬಲೆ ಮುಚ್ಚಿ, ಮೊದಲ ಹಾರಾಟದ ಪುಡಿ ಕಾಗದದ ಮೇಲೆ ಸಿಗುತ್ತದೆ.

ಎಡ ರೆಕ್ಕೆ ಒಂದು ಬಣ್ಣ, ಬಲ ರೆಕ್ಕೆ ಇನ್ನೊಂದು ಬಣ್ಣದ ಪತಂಗದ ಚಿತ್ರ ನೋಡಿದೆ. ಇದು ಸಾಧ್ಯವೇ?
— ಮೈಸೂರು

ಸಾಧ್ಯ, ಅಪರೂಪ. ಕೀಟಗಳಲ್ಲಿ ಗಂಡು, ಹೆಣ್ಣು ಎಂಬುದನ್ನು ಬಹುಮಟ್ಟಿಗೆ ಪ್ರತಿ ಜೀವಕೋಶವೂ ತನ್ನದೇ ವರ್ಣತಂತುಗಳಿಂದ ನಿರ್ಧರಿಸುತ್ತದೆ. ಭ್ರೂಣದ ಮೊದಲ ವಿಭಜನೆಗಳಲ್ಲಿ ಹಂಚಿಕೆ ತಪ್ಪಿದರೆ, ಅಥವಾ ಎರಡು ಬೀಜಕೇಂದ್ರವಿರುವ ಮೊಟ್ಟೆ ಎರಡು ಸಲ ಫಲಿತವಾದರೆ, ಅರ್ಧ ಮೈ ಗಂಡು, ಅರ್ಧ ಮೈ ಹೆಣ್ಣಾಗುತ್ತದೆ. ಗಂಡು, ಹೆಣ್ಣಿನ ಬಣ್ಣ ಬೇರೆಬೇರೆ ಇರುವ ಜಾತಿಯಲ್ಲಿ ಆಗ ಎಡ, ಬಲ ರೆಕ್ಕೆಗಳ ಬಣ್ಣವೂ ಬೇರೆಯಾಗುತ್ತದೆ. ರೇಷ್ಮೆಹುಳದಲ್ಲೂ ಇದು ದಾಖಲಾಗಿದೆ. ಚಿತ್ರ ನಿಜವೇ ಎಂದು ತಿಳಿಯಲು ಮೀಸೆ, ಅಂದರೆ ತಲೆಯ ಮೇಲಿನ ಸ್ಪರ್ಶಾಂಗ, ನೋಡಿ. ಅಟ್ಲಾಸ್, ಚಂದ್ರ ಪತಂಗಗಳಲ್ಲಿ ಗಂಡಿನ ಮೀಸೆ ಅಗಲವಾದ ಗರಿಯಂತೆ, ಹೆಣ್ಣಿನದು ಕಿರಿದು. ರೆಕ್ಕೆಯ ಜೊತೆಗೆ ಮೀಸೆಯೂ ಎಡಬಲಕ್ಕೆ ಬೇರೆಯಾಗಿದ್ದರೆ ನಿಜವಾದದ್ದು. ಮೀಸೆ ಎರಡೂ ಒಂದೇ ಇದ್ದು ಒಂದು ರೆಕ್ಕೆ ಮಾತ್ರ ಚಿಕ್ಕದೋ ಮಸುಕೋ ಆಗಿದ್ದರೆ, ಕೋಶದಲ್ಲಿ ಆದ ಗಾಯ ಎಂದು ತಿಳಿಯಿರಿ. ಅಂಥ ಪತಂಗ ನಿಮಗೇ ಸಿಕ್ಕರೆ ಮೀಸೆ, ಬೆನ್ನು, ಹೊಟ್ಟೆ ಮೂರೂ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದು, ಊರು ಮತ್ತು ತಾರೀಕು ಬರೆದು ನಮಗೆ ಕಳಿಸಿ.